ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ?

ಎರಡನೇ ತರಗತಿಯ ಹುಡುಗಿ. ಶಾಲೆಯಲ್ಲಿ ಪರಿಸರ ದಿನದ ಚಿತ್ರ ಸ್ಪರ್ಧೆ, ಅವಳಿಗೆ ಮೊದಲ ಬಹುಮಾನ. ಒಂದು ಆಮೆ, ಅದರ ಕುತ್ತಿಗೆಗೆ ಸುತ್ತಿಕೊಂಡ ಚೀಲ, ಮೇಲೆ ದಪ್ಪಕ್ಷರದಲ್ಲಿ ‘ಪ್ಲಾಸ್ಟಿಕ್ ಬೇಡ’. ಅದೇ ಸಂಜೆ ಅಪ್ಪನ ಜೊತೆ ಸೂಪರ್ ಮಾರ್ಕೆಟ್ಟಿಗೆ ಹೋದವಳು ಬಿಲ್ ಹಾಕುವ ಕಟ್ಟೆಯ ಹತ್ತಿರ ಜೋಡಿಸಿಟ್ಟಿದ್ದ ಪ್ಲಾಸ್ಟಿಕ್ ಮೊಟ್ಟೆಗಾಗಿ ನೆಲದ ಮೇಲೆ ಕೂತು ಅತ್ತಳು. ಅರ್ಧಕ್ಕೆ ತೆರೆದರೆ ಒಂದು ಕಡೆ ಮಿಠಾಯಿ, ಇನ್ನೊಂದು ಕಡೆ ಬೆರಳುದ್ದದ ಆಟಿಕೆ. ಒಳಗೇನಿದೆ ಎಂಬುದು ತೆರೆದ ಮೇಲೇ ಗೊತ್ತಾಗುವ ಮೊಟ್ಟೆ.

ವಾರದ ನಂತರ ಅಪ್ಪ ಅಮ್ಮ ನನ್ನೆದುರು ಕೂತಿದ್ದರು. ನಾನು ಶಾಲೆಗಳಲ್ಲಿ ಆಪ್ತಸಮಾಲೋಚಕಿ. ಇಂಥ ದೂರುಗಳನ್ನು ಕೇಳುತ್ತಲೇ ಕೂದಲು ಬೆಳ್ಳಗಾಗಿದೆ. ಅಪ್ಪನ ಪ್ರಶ್ನೆ ನೇರವಾಗಿತ್ತು: “ಮೇಡಂ, ಬೆಳಗ್ಗೆ ಒಂದು, ಸಂಜೆ ಒಂದು. ಇಷ್ಟು ಚಿಕ್ಕ ವಯಸ್ಸಿಗೇ ಇಂಥ ಬೂಟಾಟಿಕೆ ಎಲ್ಲಿಂದ ಕಲಿತಳು?”

ಬೂಟಾಟಿಕೆ ಅಲ್ಲ ಎಂದೆ. ಚಿತ್ರ ಬರೆದ ಮಗುವೂ ಪ್ರಾಮಾಣಿಕ, ಮೊಟ್ಟೆಗೆ ಅತ್ತ ಮಗುವೂ ಪ್ರಾಮಾಣಿಕ. ಆಮೆ ಇರುವುದು ಸಮುದ್ರದಲ್ಲಿ, ಮೊಟ್ಟೆ ಇರುವುದು ಕೈಗೆಟಕುವ ಕಟ್ಟೆಯಲ್ಲಿ. ಇವೆರಡರ ನಡುವೆ ಒಂದು ದಾರಿ ಇದೆ ಎಂದು ಅವಳಿಗೆ ಯಾರೂ ತೋರಿಸಿಲ್ಲ. ತೋರಿಸಬೇಕಾದವರು ನಾವು. ಹೇಗೆ ಎಂಬುದಷ್ಟೇ ಈ ಬರಹ.

ಮೊಟ್ಟೆ ತೆರೆಯುವ ಹೊತ್ತು

ಆ ಹುಡುಗಿ ಮೊಟ್ಟೆಯನ್ನು ಮೊದಲು ಕಂಡದ್ದು ಅಂಗಡಿಯಲ್ಲಲ್ಲ, ಯೂಟ್ಯೂಬಿನಲ್ಲಿ. ಅಮ್ಮ ಅಡುಗೆ ಮುಗಿಸುವ ಅರ್ಧ ಗಂಟೆ ಮೊಬೈಲು ಅವಳ ಕೈಗೆ ಬರುತ್ತಿತ್ತು. ಅದರಲ್ಲಿ ಒಂದು ಜೊತೆ ಕೈಗಳು ಡಬ್ಬ ಬಿಚ್ಚುತ್ತವೆ, ಹೊದಿಕೆ ಹರಿಯುತ್ತವೆ, ಒಳಗಿನದನ್ನು ಹೊರಗೆಳೆಯುತ್ತವೆ. ‘ಅನ್‌ಬಾಕ್ಸಿಂಗ್’ ಎನ್ನುವ ಈ ವಿಡಿಯೊಗಳಲ್ಲಿ ಕಥೆಯೇ ಇಲ್ಲ. ಆದರೂ ಮಕ್ಕಳು ಕಣ್ಣು ಕೀಳುವುದಿಲ್ಲ. ಮುಚ್ಚಿದ್ದು ತೆರೆಯುವ ಕುತೂಹಲ ನಮಗೂ ಇದೆ. ಪಾರ್ಸೆಲ್ ಬಂದಾಗ ಕತ್ತರಿ ಹುಡುಕುವ ನಮ್ಮ ಆತುರ ನೆನಪಿಸಿಕೊಳ್ಳಿ.

ಈ ವಿಡಿಯೊಗಳು ಒಂದು ವಸ್ತುವಿನ ಬದುಕಿನಲ್ಲಿ ಒಂದೇ ನಿಮಿಷವನ್ನು ತೋರಿಸುತ್ತವೆ, ಅದು ಹೊಸದಾಗಿ ಹೊಳೆಯುವ ನಿಮಿಷ. ಅದಕ್ಕೆ ಹಿಂದಿನ ಕಾರ್ಖಾನೆಯೂ ಇಲ್ಲ, ಮುಂದಿನ ಕಸದ ಬುಟ್ಟಿಯೂ ಇಲ್ಲ. ಸಾಲದ್ದಕ್ಕೆ ಮೊಟ್ಟೆ ತೆರೆದ ಮರುಕ್ಷಣವೇ ಇನ್ನೊಂದು ಮೊಟ್ಟೆ ಬರುತ್ತದೆ.

ಇದು ಜಾಹೀರಾತು ಎಂದು ಮಗುವಿಗೆ ತಿಳಿಯುವುದಿಲ್ಲವೇ ಎಂದು ಕೇಳಬಹುದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಕಾರ್ಯಕ್ರಮ ಯಾವುದು, ಜಾಹೀರಾತು ಯಾವುದು ಎಂಬ ಗೆರೆಯೇ ಸರಿಯಾಗಿ ಕಾಣುವುದಿಲ್ಲ. ಗೆರೆ ಕಂಡ ಮೇಲೂ, ‘ಇವರು ನನಗೆ ಏನನ್ನೋ ಮಾರಲು ನೋಡುತ್ತಿದ್ದಾರೆ’ ಎಂದು ಅರಿಯಲು ಏಳೆಂಟು ವರ್ಷವಾದರೂ ಆಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2004ರಲ್ಲಿ ಇದನ್ನೇ ಹೇಳಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ 1980ರಿಂದಲೇ ನಿಷೇಧವಿದೆ. ನಮ್ಮಲ್ಲಿ 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಚಿಪ್ಸು ಮತ್ತು ಗ್ಯಾಸು ತುಂಬಿದ ಪಾನೀಯಗಳಂಥವುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ, ಮಕ್ಕಳಿಗಾಗಿಯೇ ಇರುವ ಚಾನೆಲ್ಲುಗಳಲ್ಲಿ ಹಾಕುವಂತಿಲ್ಲ. ಆದರೆ ಯಾರೋ ಅಣ್ಣ ಅಕ್ಕ ನಗುನಗುತ್ತಾ ಡಬ್ಬ ಬಿಚ್ಚುವ ವಿಡಿಯೊ ನೋಡಿದರೆ ಅದು ಜಾಹೀರಾತು ಎಂದು ದೊಡ್ಡವರಿಗೇ ಹೊಳೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ವಯಸ್ಸಿನ ಮಿತಿ. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟದಿರಲಿ ಎಂಬುದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘದ ಸಲಹೆ. ಆ ಒಂದು ಗಂಟೆಯಲ್ಲಿ ಸ್ವಲ್ಪ ಹೊತ್ತಾದರೂ ನೀವು ಪಕ್ಕದಲ್ಲಿ ಕೂತು ನೋಡಿ. ಟೀಕೆ ಬೇಡ, ಪ್ರವಚನವಂತೂ ಬೇಡವೇ ಬೇಡ. ಸುಮ್ಮನೆ ಕೇಳಿ: “ಈ ಅಕ್ಕನ ಮನೇಲಿ ಇಷ್ಟೊಂದು ಮೊಟ್ಟೆ ಇದೆಯಲ್ಲ, ಒಡೆದ ಚಿಪ್ಪೆಲ್ಲ ಎಲ್ಲಿ ಇಡ್ತಾಳೆ?” ಉತ್ತರ ಬರದಿದ್ದರೂ ಚಿಂತೆಯಿಲ್ಲ. ಪ್ರಶ್ನೆ ಒಳಗೆ ಹೋಗಿರುತ್ತದೆ.

ಎರಡು ಪ್ರಶ್ನೆ ಸಾಕು

ಹಸಿರು ಬದುಕು ಎಂದಾಗ ಪೋಷಕರ ಕಣ್ಣ ಮುಂದೆ ಉದ್ದನೆಯ ಪಟ್ಟಿ ಬರುತ್ತದೆ: ಸೋಲಾರು, ಸಾವಯವ ತರಕಾರಿ, ಬಿದಿರಿನ ಬ್ರಷ್ಷು, ತಾರಸಿ ತೋಟ. ಪಟ್ಟಿ ನೋಡಿಯೇ ಸುಸ್ತಾಗಿ ಕೈಬಿಟ್ಟವರನ್ನು ಕಂಡಿದ್ದೇನೆ. ಮಗುವಿಗೆ ಬೇಕಾದ್ದು ಪಟ್ಟಿಯಲ್ಲ, ಎರಡೇ ಪ್ರಶ್ನೆ. ಇದು ಎಲ್ಲಿಂದ ಬಂತು? ಇದು ಎಲ್ಲಿಗೆ ಹೋಗುತ್ತೆ? ಪರದೆ ಕತ್ತರಿಸಿ ಹಾಕುವ ಈ ಎರಡು ತುದಿಗಳೂ ಕಣ್ಣಿಗೆ ಕಾಣುವ ಜಾಗವೆಂದರೆ ಮನೆಯೇ.

ನೀರಿನಿಂದ ಶುರು ಮಾಡಿ. ಬೆಂಗಳೂರಿನ ಮಗು ನಲ್ಲಿ ತಿರುಗಿಸಿದರೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬಂದದ್ದು. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಒಟ್ಟಾರೆ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿದ ನೀರು ಅದು. ಒಂದು ಬಕೆಟ್ ನೀರನ್ನು ಮಗುವಿನ ಕೈಯಲ್ಲಿ ಒಂದೇ ಒಂದು ಮಹಡಿ ಹೊರಿಸಿ ನೋಡಿ. ಆಮೇಲೆ ‘ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು’ ಎಂದು ಹೇಳುವ ಅಗತ್ಯ ಅರ್ಧ ಕಡಿಮೆಯಾಗುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ನಗರದಲ್ಲಿ ಆದೇಶವಾದದ್ದು ದೊಡ್ಡ ಮಕ್ಕಳಿಗೆ ನೆನಪಿರಬಹುದು. ಯಾಕೆ ಹಾಗಾಯಿತು ಎಂದು ಊಟದ ಹೊತ್ತಿನಲ್ಲಿ ಮಾತಾಡಿ.

ಆಟಿಕೆಗೂ ಇದೇ ಪ್ರಶ್ನೆ. ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು, ಗೊಂಬೆ ಮಾಡುವ ಕಡೆ ಹತ್ತು ನಿಮಿಷ ನಿಲ್ಲಿಸಿ. ಆಲೆ ಮರದ ತುಂಡು ತಿರುಗುತ್ತಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ಎಲೆಯಿಟ್ಟು ಉಜ್ಜಿದರೆ ಹೊಳಪು. ಒಂದು ಬುಗುರಿ ಹುಟ್ಟುವುದನ್ನು ನೋಡಿದ ಮಗು ಅದನ್ನು ಬೇಗ ಬಿಸಾಡುವುದಿಲ್ಲ. ಎಲ್ಲ ಆಟಿಕೆಯೂ ಮರದ್ದೇ ಆಗಲಿ ಎಂದು ನಾನು ಹೇಳುತ್ತಿಲ್ಲ, ಅದು ಎಲ್ಲರ ಕಿಸೆಗೆ ಹೊಂದುವ ಮಾತೂ ಅಲ್ಲ. ಪ್ಲಾಸ್ಟಿಕ್ಕಿನದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ; ಕಾರ್ಖಾನೆಯ ಆಟಿಕೆಗೆ 2021ರ ಜನವರಿಯಿಂದ ಅದು ಕಡ್ಡಾಯ. ದೀಪ ಮಿನುಗುವ, ಹಾಡುವ ಅಗ್ಗದ ಆಟಿಕೆಗಳಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ. ಸ್ಕ್ರೂ ಹಾಕಿ ಮುಚ್ಚುವ ಬ್ಯಾಟರಿ ಮನೆ ಇಲ್ಲದ ಆಟಿಕೆಯನ್ನು ಮನೆಗೇ ತರಬೇಡಿ.

ಎರಡನೇ ಪ್ರಶ್ನೆಯ ಉತ್ತರ ದಿನಾ ಬೆಳಗ್ಗೆ ಹಾಡು ಹಾಕಿಕೊಂಡು ನಿಮ್ಮ ಬೀದಿಗೆ ಬರುತ್ತದೆ. ಕಸದ ಗಾಡಿಯ ಹಾಡು ಮಕ್ಕಳಿಗೆ ಬಾಯಿಪಾಠ. ಆ ಗಾಡಿ ಎಲ್ಲಿಗೆ ಹೋಗುತ್ತದೆಂದು ಮಾತ್ರ ಗೊತ್ತಿಲ್ಲ. ಹಸಿ ಕಸ, ಒಣ ಕಸ, ಡೈಪರ್ ಮತ್ತು ಪ್ಯಾಡಿನಂಥ ಕಸ ಎಂದು ಮೂರು ಪಾಲು ಮಾಡುವುದನ್ನು ಮಗುವಿನ ಕೈಯಲ್ಲೇ ಮಾಡಿಸಿ. ಕೊನೆಯದನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕುವುದು ಏಕೆಂದು ಹೇಳಿ. ಆ ಕಡೆ ಅದನ್ನು ಬರಿಗೈಯಲ್ಲಿ ಬಿಚ್ಚಬೇಕಾಗಿ ಬರಬಹುದಾದ ಮನುಷ್ಯರೊಬ್ಬರಿದ್ದಾರೆ. ಗಾಡಿಯಲ್ಲಿ ಬರುವವರನ್ನು ಮಗು ‘ಅಕ್ಕಾ’ ‘ಅಣ್ಣಾ’ ಎಂದು ಕರೆಯಲಿ. ‘ಕಸದವರು ಬಂದ್ರು’ ಎಂದು ನಾವು ಕೂಗುತ್ತೇವೆ. ಕಸ ನಮ್ಮದು, ಅವರು ಒಯ್ಯುವವರು.

ಯಾವ ವಯಸ್ಸಿಗೆ ಎಷ್ಟು

*ಎರಡರಿಂದ ಐದು.* ಈ ವಯಸ್ಸಿಗೆ ಬುದ್ಧಿಗಿಂತ ಕೈ ಮುಂದು. ಬಟಾಣಿ ಸುಲಿಯಲಿ, ಗಿಡಕ್ಕೆ ನೀರು ಹಾಕಲಿ, ಎರೆಹುಳ ಮುಟ್ಟಲಿ. ಕಾಂಪೋಸ್ಟ್ ಡಬ್ಬಿ ಇದ್ದರೆ ಮಗುವಿಗೆ ಅದಕ್ಕಿಂತ ದೊಡ್ಡ ಆಟಿಕೆ ಬೇಡ. ಒಂದು ಬೊಗಸೆ ಹಸಿ ಕಸಕ್ಕೆ ಅಷ್ಟೇ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ, ಆಗಾಗ ಕೈಯಾಡಿಸುವುದು. ನಾತ ಬಂದರೆ ಒದ್ದೆ ಹೆಚ್ಚಿದೆ ಎಂದರ್ಥ, ಇನ್ನಷ್ಟು ಒಣ ಎಲೆ ಹಾಕಿ. ಬಿಳಿ ಹುಳು ಕಂಡರೆ ಹೆದರಬೇಡಿ. ಕಸ ತಿಂದು ಕರಗಿಸುವುದು ಅವುಗಳ ಕೆಲಸ. ಎರಡು ಮೂರು ತಿಂಗಳಲ್ಲಿ ಬಾಳೆಹಣ್ಣಿನ ಸಿಪ್ಪೆ ಎಲ್ಲಿಗೆ ಹೋಯಿತೆಂದು ಮಗುವೇ ಕಣ್ಣಾರೆ ನೋಡುತ್ತದೆ.

*ಆರರಿಂದ ಒಂಬತ್ತು.* ಒಂದು ಜವಾಬ್ದಾರಿ ಕೊಡಿ, ಒಂದೇ ಒಂದು. ಅಂಗಡಿಗೆ ಹೊರಡುವಾಗ ಬಟ್ಟೆ ಚೀಲ ನೆನಪಿಸುವುದೋ, ಒಣ ಕಸದ ಚೀಲ ನೋಡಿಕೊಳ್ಳುವುದೋ. ಈ ವಯಸ್ಸಿನ ಮಕ್ಕಳಿಗೆ ಭೂಮಿ ಮುಳುಗುವ, ಪ್ರಾಣಿಗಳು ಸಾಯುವ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸುವುದು ಬೇಡ. ಪ್ರೀತಿ ಬೆಳೆಯುವ ಮೊದಲೇ ಹೆದರಿಕೆ ಹುಟ್ಟಿದರೆ ಮಗು ಮುಖ ತಿರುಗಿಸಿಕೊಳ್ಳುತ್ತದೆ. ಸಮುದ್ರದ ಆಮೆಗಿಂತ ಮೊದಲು ಮನೆ ಮುಂದಿನ ಹೊಂಗೆ ಮರದ ಪರಿಚಯವಾಗಲಿ. ಅದು ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಹೂ ಚೆಲ್ಲುತ್ತದೆ, ಅದರಲ್ಲಿ ಯಾರ ಗೂಡಿದೆ?

*ಹತ್ತರಿಂದ ಹದಿಮೂರು.* ಈಗ ಮಾರುವವರ ಜಾಣತನವನ್ನು ಬಿಡಿಸಿ ನೋಡುವ ಖುಷಿ ಹುಟ್ಟುತ್ತದೆ. ಪೊಟ್ಟಣದ ಮೇಲೆ ಹಸಿರೆಲೆ, ‘ಇಕೋ ಫ್ರೆಂಡ್ಲಿ’ ಎಂಬ ಮಾತು. “ಯಾವುದು ಇಕೋ? ಒಳಗಿನ ವಸ್ತುವೋ, ಡಬ್ಬಿಯೋ, ಬರೀ ಬಣ್ಣವೋ?” ಎಂದು ಮಗುವಿನ ಜೊತೆ ಪತ್ತೇದಾರಿ ಆಟವಾಡಿ. ಇಂಥ ಮಾತಿಗೆ ಪುರಾವೆ ಕೊಡಬೇಕು, ಅಸ್ಪಷ್ಟವಾಗಿ ಹೇಳಿಕೊಳ್ಳುವಂತಿಲ್ಲ ಎಂದು ಕೇಂದ್ರ ಸರ್ಕಾರವೂ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ತಂದಿದೆ. ಕಾಗದದ ಲೋಟದ ಒಳಮೈಯನ್ನು ಉಗುರಿನಿಂದ ಕೆರೆದು ನೋಡಲಿ. ಅಲ್ಲಿ ಪ್ಲಾಸ್ಟಿಕ್ಕಿನ ತೆಳು ಪದರ ಸಿಗುತ್ತದೆ. ಚಿಪ್ಸಿನ ಪೊಟ್ಟಣ ಹರಿದು ನೋಡಿದರೆ ಒಳಗೆ ಬೆಳ್ಳಿ ಬಣ್ಣ, ಹೊರಗೆ ಚಿತ್ರ. ಹೀಗೆ ಹಲವು ಪದರ ಅಂಟಿಸಿದ್ದನ್ನು ಬೇರ್ಪಡಿಸುವುದು ಕಷ್ಟ, ಅದಕ್ಕೇ ಗುಜರಿಯವರು ಕೊಳ್ಳುವುದಿಲ್ಲ. ಈ ಸಣ್ಣ ಪ್ರಯೋಗದ ಮುಂದೆ ನಮ್ಮ ಭಾಷಣ ಏನೂ ಅಲ್ಲ.

*ಹದಿನಾಲ್ಕರ ಮೇಲೆ.* ಇಲ್ಲಿ ಪ್ರಶ್ನೆಯ ಧಾಟಿಯೇ ಬೇರೆ. “ಇಡೀ ಜಗತ್ತೇ ಹಾಳಾಗ್ತಿದೆ, ನಾನೊಬ್ಬ ಚೀಲ ಒಯ್ದರೆ ಏನಾಗುತ್ತೆ?” ಇದನ್ನು ಉಡಾಫೆ ಎಂದು ತಳ್ಳಿಹಾಕಬೇಡಿ. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವರ್ಷದ ಹತ್ತು ಸಾವಿರ ಮಂದಿಯನ್ನು ಕೇಳಿದಾಗ, ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಅಥವಾ ಅತಿ ತೀವ್ರ ಚಿಂತೆ ಇದೆ ಎಂದವರು ಶೇ 59. ಮಕ್ಕಳು ಸುಮ್ಮನಿದ್ದಾರೆಂದರೆ ಚಿಂತೆ ಇಲ್ಲ ಎಂದಲ್ಲ. “ಹಾಗೇನಿಲ್ಲ, ಓದ್ಕೋ ಹೋಗು” ಎಂದರೆ ಅವರು ಇನ್ನೊಮ್ಮೆ ಕೇಳುವುದಿಲ್ಲ. “ನಂಗೂ ಒಮ್ಮೊಮ್ಮೆ ಹಾಗನ್ಸುತ್ತೆ” ಎಂದು ಶುರು ಮಾಡಿ.

ಆಮೇಲೆ ಬೆಂಗಳೂರಿನ ಕಥೆಯನ್ನೇ ಹೇಳಿ. ನಮ್ಮ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಲ್ಲಿ ಗುಡ್ಡವಾಗಿ ಬಿತ್ತು. ಅಲ್ಲಿನ ಹಳ್ಳಿಯವರು ನಾತ ಕುಡಿದರು, ನೀರು ಕೆಡಿಸಿಕೊಂಡರು, ಕೊನೆಗೆ ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ನಗರದ ಬೀದಿಗಳೇ ಕೊಳೆತವು. 2014ರ ಕೊನೆಗೆ ಮಂಡೂರಿಗೂ ಕಸ ಹೋಗುವುದು ನಿಂತಿತು. ಈ ನಡುವೆ ಕೆಲವು ಬಡಾವಣೆಗಳ ಗೃಹಿಣಿಯರು, ನಿವೃತ್ತರು, ಕೆಲಸಕ್ಕೆ ಹೋಗುವವರು ಸೇರಿ ತಮ್ಮ ಕಟ್ಟಡದಲ್ಲೇ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ನಡೆಸಿ ತೋರಿಸಿದ್ದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನೇ ಇಡೀ ನಗರಕ್ಕೆ ಅನ್ವಯಿಸಿತು. ಎಲ್ಲ ಸರಿಹೋಯಿತೇ? ಇಲ್ಲ. ಆದರೆ ಒಂದು ಅಡುಗೆಮನೆಯಲ್ಲಿ ಶುರುವಾದದ್ದು ನಗರದ ನಿಯಮವಾಯಿತು. ಹದಿಹರೆಯದವರಿಗೆ ಹುಸಿ ಧೈರ್ಯ ಹಿಡಿಸುವುದಿಲ್ಲ, ನಡೆದ ಸಂಗತಿ ಹಿಡಿಸುತ್ತದೆ.

ಹುಟ್ಟುಹಬ್ಬ ಎಂಬ ಪರೀಕ್ಷೆ

ವರ್ಷವಿಡೀ ಬಟ್ಟೆ ಚೀಲ ಹಿಡಿದು ಓಡಾಡಿದ ಮನೆಯೂ ಮಗುವಿನ ಹುಟ್ಟುಹಬ್ಬದ ದಿನ ಸೋಲುತ್ತದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಥರ್ಮಾಕೋಲಿನ ಅಲಂಕಾರ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ. ಹೀಗೆ ಬರೆಯುತ್ತಾ ಹೋದರೆ ಒಂದು ಸಂಜೆಯ ಸಾಮಾನಿನ ಚೀಟಿ ಆಗುತ್ತದೆ. ಇದೇ ಚೀಟಿ 2022ರ ಜುಲೈ 1ರಿಂದ ದೇಶವಿಡೀ ನಿಷೇಧವಾದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲೂ ಇದೆ. ನಮ್ಮ ರಾಜ್ಯದಲ್ಲಿ ಇವುಗಳಲ್ಲಿ ಹಲವಕ್ಕೆ 2016ರಲ್ಲೇ ನಿಷೇಧ ಬಂದಿತ್ತು. ಆದರೂ ಅಂಗಡಿಯಲ್ಲಿ ಸಿಗುತ್ತವೆ, ನಾವೂ ತರುತ್ತೇವೆ.

ಇಲ್ಲಿ ಪೋಷಕರು ಮಾಡುವ ದೊಡ್ಡ ತಪ್ಪೆಂದರೆ ಹಿಂದಿನ ವಾರ ಎಚ್ಚೆತ್ತು, “ಈ ಸಲ ಹಸಿರು ಹುಟ್ಟುಹಬ್ಬ, ಬಲೂನ್ ಇಲ್ಲ” ಎಂದು ಘೋಷಿಸುವುದು. ತನ್ನ ದಿನವನ್ನು ಕಿತ್ತುಕೊಂಡರು ಎಂದು ಮಗುವಿಗೆ ಅನಿಸಿದರೆ ಪರಿಸರವೇ ಅದರ ಶತ್ರುವಾಗುತ್ತದೆ. ಒಂದು ತಿಂಗಳು ಮೊದಲೇ ಮಗುವನ್ನು ಕೂರಿಸಿಕೊಂಡು, ನಿನಗೆ ಇಷ್ಟವಾದ ಮೂರು ಸಂಗತಿ ಹೇಳು ಎಂದು ಕೇಳಿ. ನಾನು ಕೇಳಿದ ಮಕ್ಕಳಲ್ಲಿ ಹೆಚ್ಚಿನವರು ಹೇಳುವುದು ಕೇಕು, ಗೆಳೆಯರು, ತಡರಾತ್ರಿಯವರೆಗೆ ಆಟ. ಥರ್ಮಾಕೋಲನ್ನು ಯಾರೂ ಕೇಳಿದ್ದಿಲ್ಲ. ಆ ಮೂರನ್ನು ಧಾರಾಳವಾಗಿ ಕೊಡಿ, ಉಳಿದದ್ದರಲ್ಲಿ ಕೈ ಬಿಗಿ ಮಾಡಿ.

ಅಲಂಕಾರಕ್ಕೆ ಅಮ್ಮನ ಬಣ್ಣಬಣ್ಣದ ದುಪಟ್ಟಾ, ಮಕ್ಕಳೇ ಕತ್ತರಿಸಿದ ಕಾಗದದ ತೋರಣ, ಮಾವಿನೆಲೆ. ಊಟಕ್ಕೆ ಅಡಕೆ ಹಾಳೆ ತಟ್ಟೆ, ಬಾಳೆಎಲೆ, ಇಲ್ಲವೇ ಅಕ್ಕಪಕ್ಕದ ಮನೆಗಳಿಂದ ಕೂಡಿಸಿದ ಸ್ಟೀಲ್ ತಟ್ಟೆ. ತೊಳೆಯುವ ಕೆಲಸ ಮಾತ್ರ ಮನೆಗೆಲಸದವರ ಮೇಲೆ ಹೇರಬೇಡಿ. ಹೇರಿದರೆ ಹೆಚ್ಚಿನ ಹಣ ಕೊಡಿ. ಬಂದ ಮಕ್ಕಳಿಗೆ ಮರಳಿ ಕೊಡುವ ಉಡುಗೊರೆ ಹತ್ತು ಸಣ್ಣ ಸಾಮಾನಿನ ಪೊಟ್ಟಣ ಆಗುವ ಬದಲು ಒಂದು ಕಥೆ ಪುಸ್ತಕವೋ ಬುಗುರಿಯೋ ಆಗಲಿ. ಬೀಜ ನೆಟ್ಟ ಸಣ್ಣ ಕುಂಡವಾದರೂ ಸರಿ.

ಬೇರೆಯವರ ಮನೆಯ ಹುಟ್ಟುಹಬ್ಬಕ್ಕೆ ಹೋದಾಗ? ಬಾಯಿ ಮುಚ್ಚಿಕೊಂಡು ಕೇಕು ತಿಂದು ಬನ್ನಿ. ಮಗುವಿಗೂ ಅದನ್ನೇ ಕಲಿಸಿ. “ನಿಮ್ಮನೇಲಿ ಪ್ಲಾಸ್ಟಿಕ್ ಇದೆ” ಎಂದು ಗೆಳತಿಯ ಅಜ್ಜಿಗೆ ಹೇಳಿ ಬಂದ ಐದನೇ ತರಗತಿಯ ಹುಡುಗನೊಬ್ಬ ನನಗೆ ಗೊತ್ತು. ಅವನ ಅಮ್ಮನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಸಂಕಟ. ಹಸಿರಿನ ಹೆಸರಲ್ಲಿ ಮಗು ಪೊಲೀಸಾಗಬಾರದು. ತನ್ನ ತಟ್ಟೆಯ ಲೆಕ್ಕ ಸಾಕು ಅದಕ್ಕೆ.

ಅಜ್ಜಿಯ ಕೌದಿ, ಅಮ್ಮನ ಹೆಗಲು

‘ನಮ್ಮ ಅಜ್ಜಿ ಏನನ್ನೂ ಬಿಸಾಡುತ್ತಿರಲಿಲ್ಲ’ ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಕೌದಿಯಾಗುತ್ತದೆ, ಕೌದಿ ಸವೆದರೆ ಮತ್ತೊಂದು ಕೌದಿಯ ಒಳಪದರವಾಗುತ್ತದೆ. ಮಲೆನಾಡಿನಲ್ಲಿ ಅಡಕೆ ಹಾಳೆ ಟೋಪಿಯಾಗುತ್ತದೆ. ಮಗುವಿಗೆ ಇವನ್ನು ಮುಟ್ಟಿಸಿ. ಕೌದಿಯಲ್ಲಿ ‘ಇದು ದೊಡ್ಡಮ್ಮನ ಮದುವೆ ಸೀರೆ, ಇದು ನಿಮ್ಮಪ್ಪನ ಚಡ್ಡಿ’ ಎಂದು ಅಜ್ಜಿ ತೋರಿಸುತ್ತಾ ಹೋದರೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದು ಇಡೀ ಮನೆತನವೇ ಉತ್ತರ ಕೊಟ್ಟಂತೆ.

ಆದರೆ ಅಜ್ಜಿಯನ್ನು ದೇವಿಯನ್ನಾಗಿ ಮಾಡುವುದು ಬೇಡ. ಅವರು ಮಿಗಿಸಿದ್ದು ಬಹುಪಾಲು ಇಲ್ಲದ್ದಕ್ಕೆ. ಆ ಮಿಗಿಸುವಿಕೆಯ ಹಿಂದೆ ಮುರಿದ ಬೆನ್ನೂ ಇತ್ತು. ಇವತ್ತೂ ಹಾಗೇ ಆಗುತ್ತಿದೆ. ಬಟ್ಟೆ ಡೈಪರ್ ಒಗೆಯುವವರು ಯಾರು? ಕಾಂಪೋಸ್ಟಿಗೆ ಕೈ ಹಾಕುವವರು ಯಾರು? ಟಿಫಿನ್ ಡಬ್ಬಿಗೆ ಪೊಟ್ಟಣದ ಬದಲು ಮನೆಯ ಚಕ್ಕುಲಿ ಎಂದು ಅಪ್ಪ ಹೇಳಿದರೆ, ಅದನ್ನು ಒತ್ತುವವರು ಯಾರು? ಹಸಿರು ಬದುಕು ಅಮ್ಮನ ಎರಡನೇ ಪಾಳಿಯಾದರೆ ಮೂರು ತಿಂಗಳಲ್ಲಿ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಒಂದು ಭಾನುವಾರ ಕೂತು ಹಂಚಿಕೊಳ್ಳಿ: ಕಾಂಪೋಸ್ಟು ಅಪ್ಪನಿಗೆ, ಒಣ ಕಸ ಮಗನಿಗೆ, ಚೀಲದ ಲೆಕ್ಕ ಮಗಳಿಗೆ. ಅಮ್ಮನ ಹೆಸರಿಗೆ ಹೊಸ ಕೆಲಸ ಬರೆಯದೆ ಶುರುವಾಗುವ ಹಸಿರು ಗಟ್ಟಿ.

ಇಬ್ಬರೂ ದುಡಿಯುವ ಮನೆಯಲ್ಲಿ ಡಿಸ್ಪೋಸಬಲ್ ಡೈಪರ್ ಬಂದರೆ, ಸುಸ್ತಾದ ರಾತ್ರಿ ಹೋಟೆಲಿನಿಂದ ಡಬ್ಬಿಯಲ್ಲಿ ಊಟ ಬಂದರೆ ಪಾಪಪ್ರಜ್ಞೆ ಬೇಡ. ಡಬ್ಬಿ ತೊಳೆದು ಒಣ ಕಸಕ್ಕೆ ಹಾಕಿ, ಮಲಗಿ. ಮಗು ನಿಮ್ಮಿಂದ ಪರಿಪೂರ್ಣತೆ ಕಲಿಯುವುದಿಲ್ಲ, ಮರುದಿನ ಮತ್ತೆ ಚೀಲ ಎತ್ತಿಕೊಳ್ಳುವುದನ್ನು ಕಲಿಯುತ್ತದೆ.

ಸಿನಿಮಾ ಶತ್ರುವಲ್ಲ

ಟಿವಿ, ಸಿನಿಮಾ, ಮೊಬೈಲು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬೈಯುವುದು ಸುಲಭ. ಅವುಗಳಿಂದ ಕೆಲಸ ಮಾಡಿಸಿಕೊಳ್ಳುವುದು ಜಾಣತನ. ಕಾಡು ಉಳಿಸುವ ಮಾತನ್ನು ಕನ್ನಡದ ಮನೆಮನೆಗೆ ಒಯ್ದದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ 1973ರ ‘ಗಂಧದ ಗುಡಿ’. ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್ ನಿಂತ ಬಗೆ ಒಂದು ತಲೆಮಾರಿಗೆ ನೆನಪಿದೆ. 2022ರಲ್ಲಿ ತೆರೆಕಂಡ ಅದೇ ಹೆಸರಿನ ಚಿತ್ರದಲ್ಲಿ ಪುನೀತ್ ವೇಷವಿಲ್ಲದೆ, ತಾವೇ ತಾವಾಗಿ ಕಾಡು ಸುತ್ತಿದರು. ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದ ಕನ್ನಡ ಆವೃತ್ತಿಗೆ ರಿಷಬ್ ಶೆಟ್ಟಿ ದನಿ ಕೊಟ್ಟಿದ್ದಾರೆ. ಪುಟ್ಟ ಮಕ್ಕಳಿಗೆ 2008ರ ‘ವಾಲ್-ಇ’ ಇದೆ. ಮನುಷ್ಯರೆಲ್ಲ ಬಿಟ್ಟುಹೋದ ಭೂಮಿಯಲ್ಲಿ ಕಸ ಒತ್ತಿ ಜೋಡಿಸುತ್ತಾ ಉಳಿದ ಒಂಟಿ ಯಂತ್ರದ ಕಥೆ ಅದು. ಎರಡನೇ ಪ್ರಶ್ನೆಯನ್ನೇ ಸಿನಿಮಾ ಮಾಡಿದಂತಿದೆ.

ನೋಡಿದ ಮೇಲೆ ‘ಏನು ನೀತಿ ಕಲಿತೆ?’ ಎಂದು ಕೇಳಬೇಡಿ, ಮಗು ಪರೀಕ್ಷೆಗೆ ಕೂತಂತೆ ಉತ್ತರ ಹೇಳುತ್ತದೆ. ‘ನಿಂಗೆ ಯಾವ ಜಾಗ ಇಷ್ಟ ಆಯ್ತು? ನಾವು ಹೋಗೋಣವಾ?’ ಎಂದು ಕೇಳಿ. ಹೋಗಲಾಗದಿದ್ದರೆ ಹತ್ತಿರದ ಕೆರೆಗಾದರೂ ಹೋಗಿ.

ಇನ್ನೊಂದು ಮಾತು. ಬೇಕು ಬೇಕು ಎನ್ನುವುದು ಈ ಕಾಲದ ಮಕ್ಕಳ ಕಾಯಿಲೆಯೇನಲ್ಲ. ಆರ್.ಕೆ. ನಾರಾಯಣರ ಸ್ವಾಮಿ 1935ರಲ್ಲೇ ಉರುಳಿಸುವ ಚಕ್ರವೊಂದಕ್ಕಾಗಿ ಹಂಬಲಿಸಿ, ಗಾಡಿಯವನ ಮಾತು ನಂಬಿ ದುಡ್ಡು ಕಳೆದುಕೊಂಡಿದ್ದ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ನೋಡುತ್ತಾ ನಾವು ಅವನಿಗಾಗಿ ಮರುಗಿದೆವು. ಆಸೆ ಅಂದೂ ಇತ್ತು. ಅಂದು ಅದನ್ನು ದಿನಕ್ಕೆ ನೂರು ಸಲ ಕೆರಳಿಸುವ ಪರದೆ ಇರಲಿಲ್ಲ, ಅಷ್ಟೇ. ಆದ್ದರಿಂದ ಮಗುವಿನ ಆಸೆಯ ಮೇಲೆ ಸಿಟ್ಟು ಬೇಡ. “ಬೇಕು ಅನ್ಸುತ್ತೆ ಅಲ್ವಾ? ನಂಗೂ ಅಂಗಡಿಗೆ ಹೋದ್ರೆ ಹಾಗೇ ಆಗುತ್ತೆ. ಗೋಡೆ ಮೇಲೆ ಬರ್ದು ಇಡೋಣ, ಹದಿನೈದು ದಿನ ಆದ್ಮೇಲೂ ಬೇಕು ಅನ್ಸಿದ್ರೆ ತರೋಣ” ಎಂದು ಹೇಳಿ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಹದಿನೈದನೇ ದಿನವೂ ಬೇಕು ಎಂದರೆ ತರಲೇಬೇಕು. ಬಹುಪಾಲು ಆಸೆಗಳು ಅಷ್ಟು ದಿನ ಬದುಕುವುದಿಲ್ಲ. ಬದುಕಿ ಉಳಿದದ್ದು ನಿಜವಾದ ಆಸೆ, ಅದಕ್ಕೆ ಮರ್ಯಾದೆ ಕೊಡಿ.

ಮತ್ತೆ ಆ ಹುಡುಗಿ

ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಮೊಟ್ಟೆ ಕೊಡಿಸಿ, ಒಂದು ಸಲ. ಆಟ ಮುಗಿದ ಮೇಲೆ ಅದನ್ನು ನೀವು ಎತ್ತಿ ಬಿಸಾಡಬೇಡಿ. ಎಲ್ಲಿಗೆ ಹೋಗಬೇಕೆಂದು ಅವಳೇ ನೋಡಲಿ.

ಆಟಿಕೆ ಎರಡು ದಿನಕ್ಕೆ ಮುರಿಯಿತು. ಚಿಪ್ಪು ಮಂಚದ ಕೆಳಗೆ ವಾರವಿತ್ತು. ಒಂದು ಬೆಳಗ್ಗೆ ಹಾಡು ಕೇಳಿದ ಕೂಡಲೇ ಅವಳು ಅದನ್ನು ಎತ್ತಿಕೊಂಡು ಅಪ್ಪನ ಜೊತೆ ಗೇಟಿಗೆ ಹೋದಳು. “ಅಕ್ಕಾ, ಇದು ಎಲ್ಲಿಗೆ ಹೋಗುತ್ತೆ?” ಗಾಡಿಯ ಹೆಂಗಸು ಚಿಪ್ಪನ್ನು ತಿರುಗಿಸಿ ನೋಡಿದರು. ಒಳಗೆ ಅಂಟಿದ ಸಿಹಿ, ಮೇಲೆ ಅಂಟಿದ ಕಾಗದ. “ಇದ್ನ ಯಾರೂ ತಗೊಳಲ್ಲ ಪುಟ್ಟಾ, ಗುಡ್ಡೆಗೇ ಹೋಗೋದು” ಎಂದರು. ಹುಡುಗಿ ಏನೂ ಹೇಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದಳಂತೆ.

ಆಮೇಲೂ ಎರಡು ಸಲ ಮೊಟ್ಟೆ ಬೇಕೆಂದು ಹಟ ಮಾಡಿದಳು, ಒಂದು ಸಲ ಗೆದ್ದಳು ಕೂಡ. ಮೂರನೇ ಸಲ ಕಟ್ಟೆಯ ಮೇಲಿಂದ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ವಾಪಸ್ ಇಟ್ಟಳು. ಯಾಕೆಂದು ಅಪ್ಪ ಕೇಳಲಿಲ್ಲ. ಶಭಾಷ್ ಎಂದೂ ಅನ್ನಲಿಲ್ಲ. ಬಿಲ್ ಕೊಟ್ಟು, ಚೀಲದ ಒಂದು ಹಿಡಿಯನ್ನು ಅವಳ ಕೈಗೆ ಕೊಟ್ಟರು. ಇಬ್ಬರೂ ಹಿಡಿದುಕೊಂಡು ಮನೆಗೆ ಬಂದರು.